ಐಪಿಎ ಕಹಿ ಆಗ್ಯದ, ಸಕ್ಕರಿ ಹಾಕ್ಲೇನ್ರಿ?

ಪ್ರಶ್ನಿ: ಅಣ್ಣಾ, ಮನ್ಯಾಗ 20 ಲೀಟರ್ ಐಪಿಎ (ಇಂಡಿಯಾ ಪೇಲ್ ಏಲ್, ಕಹಿ ಹೆಚ್ಚಿರೋ ಬಿಯರ್) ಮಾಡೀನಿ, ಹಾಪ್ಸ್ (ಬಿಯರಿಗೆ ಕಹಿ, ವಾಸನಿ ಕೊಡೋ ಹೂವು) ಭಾಳ ಬಿದ್ದು ಬಾಯಾಗ ಇಡಾಕ ಆಗವಲ್ದು. ಬಾಟ್ಲಿಗೆ ತುಂಬೋ ಮುಂದ ಜರಾ ಸಕ್ಕರಿ ಹೆಚ್ಚು ಹಾಕಿದ್ರ ಸರಿ ಹೋಗ್ತದೇನು?

ಇಲ್ಲಪ್ಪಾ, ಹೋಗಂಗಿಲ್ಲ. ಎಷ್ಟು ಸಲ ಹೇಳ್ಬೇಕೋ ಏನೋ, ಒಬ್ಬರಿಗೆ ಹೇಳಿ ಮುಗಿಸೋದ್ರಾಗ ಇನ್ನೊಬ್ಬರು ಅದೇ ಕೇಳ್ತಾರ. ಕೇಳೋರು ಹೆಚ್ಚಾಗಿ ಅಮೆರಿಕಾ, ಆಸ್ಟ್ರೇಲಿಯಾದಾಗ ಇರೋ ನಮ್ಮ ಕಲಬುರಗಿ, ಬೀದರ್ ಕಡಿ ಹುಡುಗ್ರು, ಅಲ್ಲಿ ಮನಿ ಬಿಯರಿಗೆ ಅಡ್ಡಿ ಇಲ್ಲ. ಇಲ್ಲಿ ಲೈಸನ್ಸ್ ಇಲ್ದ ಮಾಡಿದ್ರ 1965ರ ಅಬಕಾರಿ ಕಾಯ್ದೆ ಅದ, ಅದನ್ನ ನಾ ಬಿಡಿಸಿ ಹೇಳೋದು ಬ್ಯಾಡ.

ಈ ಸಕ್ಕರಿ ಐಡಿಯಾ ಎಲ್ಲಿಂದ ಬರ್ತದ ಅಂತ ನನಗ ಗೊತ್ತದ, ಹಾಗಲಕಾಯಿ ಪಲ್ಯಕ್ಕ ಅವ್ವ ಬೆಲ್ಲ ಹಾಕ್ತಾಳಲ್ಲ, ಅಲ್ಲಿಂದ. ಖರೆ, ಪಲ್ಯದಾಗ ಅದು ನಡೀತದ, ಯಾಕಂದ್ರ ಆ ಬೆಲ್ಲ ತಿನ್ನೋರು ನೀವು. ಬಿಯರಿನಾಗ ಸಕ್ಕರಿ ತಿನ್ನೋದು ಈಸ್ಟ್, ಅಂದ್ರ ಹುದುಗು ಬರಸೋ ಜೀವಿ, ನಿಮಗಂತ ಒಂದು ಚೂರೂ ಉಳಿಸಂಗಿಲ್ಲ. ಸಿಹಿ ಅಂತ ಹಾಕಿದ್ದು ಆಲ್ಕೋಹಾಲ್ ಮತ್ತ ಗ್ಯಾಸ್ ಆಗಿ ಹೋಗ್ತದ, ಬಿಯರ್ ಇನ್ನೂ ತೆಳ್ಳಗಾಗಿ ಒಣಾ ಒಣಾ ಅನ್ನಿಸ್ತದ, ಇದ್ದ ಕಹಿ ಮತ್ತೂ ಎದ್ದು ಕಾಣ್ತದ. ಕಹಿಗೆ ಕಾರಣ ಏನು, ಹಾಪ್ಸಿನ ಆಲ್ಫಾ ಆಸಿಡ್ ಕುದಿಯಾಗ ಐಸೋ ಆಲ್ಫಾ ಆಸಿಡ್ ಆಗಿ ಬಿಯರಿನಾಗ ಕುಂತಿರ್ತದ, ನೀವು ಒಂದು ಕಿಲೋ ಸಕ್ಕರಿ ಸುರುವಿದ್ರೂ ಅದು ಅಲ್ಲೇ ಇರ್ತದ. ಬೆಲ್ಲ ಹಾಕಿದ್ರ? ಜೇನು ಹಾಕಿದ್ರ? ಅದೂ ಅಷ್ಟೇ ರೀ, ಈಸ್ಟಿಗೆ ಎಲ್ಲಾ ಹಬ್ಬ.

ಮತ್ತ ಇದು ಬರೇ ರುಚಿ ಮಾತಲ್ಲ. ಬಾಟ್ಲಿಯಾಗ ಗ್ಯಾಸ್ ಬರ್ಲಿ ಅಂತ ಲೀಟರಿಗೆ 6-7 ಗ್ರಾಂ ಸಕ್ಕರಿ ಹಾಕೋದು ವಾಡಿಕಿ. ಲೀಟರಿಗೆ 4 ಗ್ರಾಂ ಸಕ್ಕರಿಯಿಂದ ಸುಮಾರು 2 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ತದ, ಬಾಟ್ಲಿ ಮುಚ್ಚಿದ ಮ್ಯಾಲ ಅದಕ್ಕ ಹೋಗಾಕ ದಾರಿ ಇಲ್ಲ. ಇದರ ಮ್ಯಾಲ ನೀವು "ಜರಾ" ಅಂತ 200 ಗ್ರಾಂ ಸೇರಿಸಿದ್ರ 20 ಲೀಟರಿನಾಗ ಲೀಟರಿಗೆ ಮತ್ತ 10 ಗ್ರಾಂ ಆಯ್ತು, ಬಾಟ್ಲಿ ಒಡದು ಗಾಜು ಅಡಗಿಮನಿ ತುಂಬ ಹಾರ್ತದ. ಕೈಯಾಗ ಹಿಡದಾಗ ಒಡದ್ರ ಏನು ಗತಿ, ನೀವೇ ಹೇಳ್ರಿ.

ಸಿಹಿನೇ ಬೇಕಂದ್ರ ಲ್ಯಾಕ್ಟೋಸ್ ಹಾಕ್ರಿ, ಹಾಲಿನ ಸಕ್ಕರಿ, ಬಿಯರ್ ಈಸ್ಟ್ ಅದನ್ನ ಮುಟ್ಟಂಗಿಲ್ಲ. ಲೀಟರಿಗೆ 10 ಗ್ರಾಂನಿಂದ ಶುರು ಮಾಡ್ರಿ, ಕುದಿಸಿದ ನೀರಿನಾಗ ಕರಗಿಸಿ. ಹಾಲು ಆಗಿ ಬರದವರಿಗೆ ಮಾತ್ರ ಮೊದ್ಲೇ ಹೇಳಿ ಕೊಡ್ರಿ. ಇಲ್ಲಂದ್ರ ಕುಡಿಯೋ ಮುಂದ ಗ್ಲಾಸಿಗೇ ಲಿಂಬು ಸೋಡಾ ಬೆರೆಸ್ರಿ, ಶ್ಯಾಂಡಿ ಆಗ್ತದ, ನಾಚಿಕಿ ಏನೂ ಇಲ್ಲ.

ಎಲ್ಲಾಕಿಂತ ಚಲೋ ದಾರಿ ಬೆರಕಿ. ಹಾಪ್ಸ್ ಕಮ್ಮಿ ಇರೋ ಇನ್ನೊಂದು ಬಿಯರ್ ಮಾಡಿ ಕೂಡಿಸ್ರಿ, 80 ಐಬಿಯು (ಬಿಯರಿನ ಕಹಿ ಅಳಿಯೋ ಮಾಪು) ಇದ್ದದ್ದಕ್ಕ 20 ಐಬಿಯುದ್ದು ಸಮಾ ಹಾಕಿದ್ರ 50ಕ್ಕ ಇಳೀತದ. ಮೊದ್ಲ ಗ್ಲಾಸಿನಾಗ ಅಳತಿ ಮಾಡಿ ನೋಡಿ ಆಮ್ಯಾಲ ಪೂರಾ ಬೆರೆಸ್ರಿ, ಗಾಳಿ ಜಾಸ್ತಿ ಕಲಸ್ಬ್ಯಾಡ್ರಿ, ಹಾಪ್ಸಿನ ವಾಸನಿಗೆ ಆಕ್ಸಿಜನ್ನೇ ವೈರಿ. ಡ್ರೈ ಹಾಪ್ ಮಾಡಿ (ಕುದಿಸ್ದಂಗ ತಣ್ಣಗಿನ ಬಿಯರಿಗೇ ಹಾಪ್ಸ್ ಹಾಕಿ) ಗಂಟಲು ಕೆರೆಯಾಕತ್ತಿದ್ರ ಗಡಬಡ ಬ್ಯಾಡ, ಫ್ರಿಜ್ಜಿನಾಗ 2-4 ಡಿಗ್ರಿಗೆ ಒಂದು ವಾರ ಇಡ್ರಿ, ತೇಲೋ ಹಾಪ್ಸಿನ ಪುಡಿ ತಳಕ್ಕ ಕೂಡ್ತದ. ವಾಸನಿ ಕೆಲವು ವಾರದಾಗ ತಾನೇ ತಗ್ಗತದ, ಕುದಿಯಾಗ ಬಂದ ಕಹಿ ಮಾತ್ರ ಹಂಗೆಲ್ಲ ಲಗೂನ ಇಳ್ಯಂಗಿಲ್ಲ. ಮುಂದಿನ ಸಲ 60 ನಿಮಿಷ ಕುದಿಸೋ ಹಾಪ್ಸ್ ಕಡದು, ವಾಸನಿಗೆ ಬೇಕಾದ್ದು ಒಲಿ ಆರಿಸಿ 80 ಡಿಗ್ರಿಗೆ ಬಂದ ಮ್ಯಾಲ ಹಾಕ್ರಿ.

ಆದ್ರ ಅದು ಕಹಿನೋ ಒಗರೋ, ಅದನ್ನ ಯಾರೂ ಕೇಳಂಗಿಲ್ಲ! ನಾಲಿಗಿ ಒಣಗಿ ಹಿಡ್ಕೊಂಡಂಗ ಆದ್ರ ಅದು ಒಗರು, ತಪ್ಪು ಹಾಪ್ಸಿಂದೇ ಇರ್ಬೇಕಂತಿಲ್ಲ, ನೀರಿಂದೂ ಇರ್ಬಹುದು. ಐಪಿಎಗೆ ಹೆಸರಾದ ಇಂಗ್ಲೆಂಡಿನ ಬರ್ಟನ್ ಊರಿನ ನೀರು ಗಡಸು, ನಮ್ಮ ಬೋರ್ ನೀರೂ ಗಡಸು, ಹಂಗಾದ್ರ ನಮ್ಮದೂ ನಡೀತದಲ್ಲ ಅಂತ ವಾದ ಮಾಡ್ತಾರ ಕೆಲವರು. ನಡ್ಯಂಗಿಲ್ಲ. ಬರ್ಟನ್ ನೀರಿನಾಗ ಇರೋದು ಜಿಪ್ಸಂ, ಅಂದ್ರ ಸಲ್ಫೇಟ್, ಅದು ಹಾಪ್ಸನ್ನ ಚುರುಕು ಮಾಡ್ತದ. ಶಹಾಬಾದ್, ಸೇಡಂ ಕಡಿ ಸುಣ್ಣದ ಕಲ್ಲಿನಾಗಿಂದ ಬರೋ ನೀರಿನಾಗ ಬೈಕಾರ್ಬೋನೇಟ್, ನೀರು ಕಾಸೋ ರಾಡಿಗೆ ಬೆಳ್ಳಗ ಪದರು ಕಟ್ಟೋದು ಅದೇ. ಅದರಿಂದ ಪಿಎಚ್ (ಹುಳಿ-ಕ್ಷಾರದ ಅಳತಿ) ಏರ್ತದ, ಮಾಲ್ಟ್ ಕಾಳಿನಾಗಿನ ಸಿಹಿ ಬಿಸಿನೀರಿನಾಗ ತೊಳದು ತಗಿಯೋ ಮುಂದ ಪಿಎಚ್ 6 ದಾಟಿದ್ರ ಸಿಪ್ಪಿ ಒಳಗಿನ ಟ್ಯಾನಿನ್ ಇಳದು ಒಗರು ಬರ್ತದ, ಬೈಸ್ಕೊಳ್ಳೋದು ಹಾಪ್ಸ್. ಅದಕ್ಕ ನೀವಿರೋ ಊರಿನ ನೀರಿನ ರಿಪೋರ್ಟ್ ತಗದು ನೋಡ್ರಿ. ಬೈಕಾರ್ಬೋನೇಟ್ ಜಾಸ್ತಿ ಇದ್ರ ಆರ್‌ಓ ನೀರು ಬೆರೆಸ್ರಿ, ರೆಸಿಪಿ ನೋಡಿ ಕಣ್ಣು ಮುಚ್ಚಿ ಜಿಪ್ಸಂ ಹಾಕಿದ್ರ ಮುಂದಿನ ಸಲ ಅರ್ಧಕ್ಕ ಇಳಿಸಿ, ಆ ಜಾಗಕ್ಕ ಕ್ಯಾಲ್ಸಿಯಂ ಕ್ಲೋರೈಡ್ ಹಾಕ್ರಿ.