ನೈಸಿಯಾದಲ್ಲಿ ಬೈಬಲ್‌ಗೆ ಯಾರೂ ಓಟು ಹಾಕಲಿಲ್ಲ

ಆದಿ ಕ್ರೈಸ್ತರ ಇತಿಹಾಸ ಪಾಠ ಮಾಡುವ ನಮ್ಮಂಥವರಿಗೆ ಎಲ್ಲಿ ಹೋದರೂ ಎದುರಾಗೋದು ಒಂದೇ ಪ್ರಶ್ನೆ. ಪ್ರಶ್ನೆ ಅಂತಲೂ ಅಲ್ಲ, ತೀರ್ಪು. "ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಓಟು ಹಾಕಿಸಿದ್ನಂತಲ್ಲ ಸಾರ್? ಮಿಕ್ಕಿದ್ದನ್ನೆಲ್ಲ ಸುಟ್ಟುಬಿಟ್ರಂತೆ!" ವಾಟ್ಸಾಪ್‌ನಲ್ಲಿ ಬಂದಿರುತ್ತದೆ, ಇಲ್ಲಾಂದ್ರೆ ಯಾವುದೋ ಥ್ರಿಲ್ಲರ್ ಓದಿರುತ್ತಾರೆ. ನಂಬುವವರೂ ಕೇಳುತ್ತಾರೆ, ನಂಬದವರೂ ಕೇಳುತ್ತಾರೆ.

ಇಲ್ಲ ಸ್ವಾಮಿ, ಹಾಗೆ ನಡೆಯಲಿಲ್ಲ.

ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ, ಅಂದರೆ ಈಗಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರು ಸೇರಿದ್ದು ನಿಜ. ಕರೆಸಿದ್ದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನೇ. ಜಗಳ ಎದ್ದಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿಯಿಂದ. ಕ್ರಿಸ್ತ ತಂದೆಯಾದ ದೇವರಿಗೆ ಸಮನೋ, ದೇವರು ಸೃಷ್ಟಿಸಿದವನೋ ಅನ್ನೋದು ತಕರಾರು. ಅದಕ್ಕೊಂದು ತೀರ್ಮಾನ ಮಾಡಿ, ಕ್ರೈಸ್ತರು ಏನನ್ನು ನಂಬಬೇಕು ಅಂತ ಹೇಳುವ ವಿಶ್ವಾಸ ಪ್ರಮಾಣ ಬರೆದರು. ಈಸ್ಟರ್ ಯಾವತ್ತು ಅಂತ ಚರ್ಚಿಸಿದರು. ಜೊತೆಗೆ 20 ನಿಯಮಗಳು. ಸುಡಿಸಲು ಆಜ್ಞೆ ಹೊರಟಿದ್ದು ಏರಿಯಸ್‌ನ ಬರಹಗಳ ಮೇಲೆ, ಯೇಸುವಿನ ಬದುಕಿನ ಕಥೆ ಹೇಳುವ ಸುವಾರ್ತೆಗಳ ಮೇಲಲ್ಲ.

ಆ 20 ನಿಯಮ ಓದೋಕೆ ಅರ್ಧ ಗಂಟೆಯೂ ಬೇಡ. ಯಾರೂ ಓದುವುದಿಲ್ಲ! ಪಾದ್ರಿಯ ಜೊತೆ ತಾಯಿ, ಅಕ್ಕತಂಗಿ, ಅತ್ತೆ, ಚಿಕ್ಕಮ್ಮನಂಥ ಅನುಮಾನಕ್ಕೆ ಎಡೆಯಿಲ್ಲದವರನ್ನು ಬಿಟ್ಟು ಬೇರೆ ಹೆಂಗಸರು ವಾಸ ಇರಬಾರದು. ಭಾನುವಾರ ಮಂಡಿಯೂರದೆ ನಿಂತೇ ಪ್ರಾರ್ಥನೆ ಮಾಡಬೇಕು. 17ನೆಯದು ಬಡ್ಡಿಗೆ ದುಡ್ಡು ಬಿಡುವ ಪಾದ್ರಿಗಳ ಬಗ್ಗೆ. ತಿಂಗಳಿಗೆ ನೂರಕ್ಕೊಂದರಂತೆ ವಸೂಲಿ ಮಾಡುತ್ತಿದ್ದವರು. ನನ್ನ ಸಂಜೆ ತರಗತಿಗೆ ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಇದನ್ನು ಓದಿ ಖುಷಿಯಾದರು. "ವರ್ಷಕ್ಕೆ 12 ಪರ್ಸೆಂಟ್! ಪರವಾಗಿಲ್ವೇ" ಅಂದರು. ಸರಿ, ಪುಸ್ತಕಗಳ ಪಟ್ಟಿ ಎಲ್ಲಿದೆ ತೋರಿಸಿ ಅಂದೆ. ಮೊದಲಿನಿಂದ ಕೊನೆವರೆಗೆ ಎರಡು ಸಲ ಹುಡುಕಿದರು. ಸಿಗಲಿಲ್ಲ. "ಆದ್ರೂ ಒಳಗೊಳಗೇ ಏನೋ ಮಾಡಿರ್ತಾರೆ ಬಿಡಿ." ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳೋದಾದರೂ ಹೇಗೆ?

ನೈಸಿಯಾದಲ್ಲಿ ಪುಸ್ತಕ ಆರಿಸಿದರು ಅನ್ನೋ ಈ ಕಥೆ ಹುಟ್ಟಿದ್ದು 9ನೇ ಶತಮಾನದ ಕೊನೆಯ ಒಂದು ಗ್ರೀಕ್ ಬರಹದಲ್ಲಿ. ಪುಸ್ತಕಗಳನ್ನು ಬಲಿಪೀಠದ ಬಳಿ ಇಟ್ಟು ಪ್ರಾರ್ಥಿಸಿದರಂತೆ, ನಿಜವಾದವು ಮೇಲೆ ಉಳಿದವಂತೆ, ಸುಳ್ಳಿನವು ಕೆಳಗೆ ಹೋದವಂತೆ. ಘಟನೆಗೂ ಬರಹಕ್ಕೂ ಐದೂವರೆ ಶತಮಾನಗಳ ಅಂತರ. 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಇದನ್ನು ಗೇಲಿ ಮಾಡಿ ಬರೆದ. ಆಮೇಲೆ ಅದಕ್ಕೆ ಕಾಲು ಬಂತು.

ಪಟ್ಟಿ ಬೆಳೆದದ್ದು ನಿಧಾನಕ್ಕೆ. ಆದಿ ಕ್ರೈಸ್ತ ಪ್ರಚಾರಕ ಪೌಲನದೇ ಅಂತ ವಿದ್ವಾಂಸರು ಒಪ್ಪುವ ಪತ್ರಗಳು ಹೆಚ್ಚುಕಮ್ಮಿ 50ರ ದಶಕದವು ಅನ್ನೋದರಲ್ಲಿ ಜಾಸ್ತಿ ತಕರಾರಿಲ್ಲ. ಮಾರ್ಕನ ಸುವಾರ್ತೆ ಸುಮಾರು 70ರದ್ದು ಅಂತ ಬಹುಪಾಲು ವಿದ್ವಾಂಸರ ಅಂದಾಜು, ಒಪ್ಪದವರೂ ಇದ್ದಾರೆ. 180ರ ಹೊತ್ತಿಗೆ ಲಿಯಾನ್‌ನ ಬಿಷಪ್ ಐರೇನಿಯಸ್ ಸುವಾರ್ತೆ ನಾಲ್ಕೇ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ ಅಂತ ವಾದಿಸುತ್ತಿದ್ದ. ಕಾನ್‌ಸ್ಟಂಟೈನ್ ಆಗಿನ್ನೂ ಹುಟ್ಟಿರಲಿಲ್ಲ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳನ್ನೇ ಹೆಸರಿಸುವ, ನಮಗೆ ಸಿಕ್ಕಿರುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದ್ದು. ಆ ಹೊತ್ತಿಗೆ ಕಾನ್‌ಸ್ಟಂಟೈನ್ ಸತ್ತು 30 ವರ್ಷ. ಅಂದಹಾಗೆ, ಕ್ರೈಸ್ತಮತವನ್ನು ಸಾಮ್ರಾಜ್ಯದ ಅಧಿಕೃತ ಧರ್ಮ ಮಾಡಿದ್ದೂ ಅವನಲ್ಲ, 380ರಲ್ಲಿ ಥಿಯೋಡೋಸಿಯಸ್.

ಆ ಪತ್ರದಿಂದಲೂ ಎಲ್ಲ ಮುಗಿಯಲಿಲ್ಲ. ಸಿರಿಯಾಕ್ ಭಾಷೆಯ ಹಳೆಯ ಬೈಬಲ್ ಪೆಶಿಟ್ಟಾದಲ್ಲಿ ಹೊಸ ಒಡಂಬಡಿಕೆಯ ಪುಸ್ತಕಗಳು 22 ಮಾತ್ರ. ಪ್ರಕಟನೆ ಎಂಬ ಕೊನೆಯ ಪುಸ್ತಕ ಇಲ್ಲ, ಯೂದನ ಪತ್ರ ಇಲ್ಲ, ಇನ್ನೂ ಮೂರು ಪುಟ್ಟ ಪತ್ರಗಳಿಲ್ಲ. ಅದನ್ನು ಓದುತ್ತಿದ್ದ ಪೂರ್ವದ ಸಭೆ (ಚರ್ಚ್ ಆಫ್ ದಿ ಈಸ್ಟ್ ಎಂಬ ಕ್ರೈಸ್ತ ಪಂಗಡ) 410ರಲ್ಲಿ ನೈಸಿಯಾದ ತೀರ್ಮಾನಗಳನ್ನು ಒಪ್ಪಿಕೊಂಡಿತು, 22ನ್ನು ಮಾತ್ರ ಬಿಡಲಿಲ್ಲ. ಆ ಸಭೆಯವರು ಕೇರಳದ ತ್ರಿಶೂರಿನಲ್ಲೂ ಇದ್ದಾರೆ. ಅವರ ಆರಾಧನೆಯ ಪಾಠಕ್ರಮದಲ್ಲಿ ಆ ಐದು ಪುಸ್ತಕಗಳ ಓದು ಇವತ್ತಿಗೂ ಇಲ್ಲ.