ಕೂಸು ಎತ್ತಿಕೊಳ್ಳುವವರ ಜಾಗಕ್ಕೆ ಫೋನ್ ಬಂದದ್ದು ಹೇಗೆ?

ಹೋದ ಭಾನುವಾರ ಹುಬ್ಬಳ್ಳಿಯ ಒಂದು ಖಾನಾವಳಿಗೆ ಹೋಗಿದ್ದೆ. ಪಕ್ಕದ ಟೇಬಲ್ಲಿಗೆ ಗಂಡ, ಹೆಂಡತಿ, ಎರಡು ವರ್ಷದ ಕೂಸು ಬಂದರು. ರೊಟ್ಟಿ ಬರುವ ಮೊದಲೇ ನೀರಿನ ಲೋಟಕ್ಕೆ ಫೋನ್ ಒರಗಿಸಿ ಕಾರ್ಟೂನ್ ಹಚ್ಚಿದರು. ಹಿಂದೆ ಕೂತಿದ್ದ ಅಜ್ಜ, "ಈಗಿನವರಿಗೆ ಕೂಸು ಆಡಸಾಕೂ ಬರೂದಿಲ್ಲ" ಅಂದರು. ತಾಯಿಗೆ ಕೇಳಿಸಿತು, ತಲೆ ಎತ್ತಲಿಲ್ಲ.

ಅಜ್ಜನ ಕಾಲದಲ್ಲಿ ಆಡಿಸುತ್ತಿದ್ದವರು ಯಾರು? ಅಜ್ಜ ಅಂತೂ ಇರಲಿಕ್ಕಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಬಿಡುವು ಪದ್ಧತಿಯೊಳಗೇ ಇತ್ತು. ಚೊಚ್ಚಲ ಬಾಣಂತನ ತವರಿನಲ್ಲಿ, ತಿಂಗಳುಗಟ್ಟಲೆ. ಆಮೇಲೂ ಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಿದ್ದ, ಆಕೆ ಜೋಕಾಲಿ ಆಡುವಾಗ ಕೂಸು ಅತ್ತಿಗೆಯ ಕಂಕುಳಲ್ಲಿದೆಯೋ ಓಣಿಯ ಹುಡುಗಿಯ ಸೊಂಟದ ಮೇಲಿದೆಯೋ ಅಂತ ಯಾರೂ ಲೆಕ್ಕ ಇಡುತ್ತಿರಲಿಲ್ಲ. (ಆ ಹುಡುಗಿಯರಲ್ಲಿ ಎಷ್ಟೋ ಜನ ಶಾಲೆ ಬಿಟ್ಟು ತಮ್ಮ-ತಂಗಿಯರನ್ನು ಹೊತ್ತವರು. ಹಾಗಾಗಿ ಆ ಕಾಲವನ್ನು ಸುಮ್ನೆ ಹೊಗಳುವುದು ಬೇಡ.)

1975ರಲ್ಲಿ ಸಣ್ಣ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಐಸಿಡಿಎಸ್ ಯೋಜನೆ ಶುರುವಾಗಿ ಅಂಗನವಾಡಿ ಬಂತು. ಆದರೆ ಅಲ್ಲಿ ಕೂರಿಸಿಕೊಳ್ಳುವುದು 3 ವರ್ಷ ತುಂಬಿದವರನ್ನು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 'ಕೂಸಿನ ಮನೆ' ಅನ್ನುವ ಶಿಶುಪಾಲನಾ ಕೇಂದ್ರ ಘೋಷಣೆಯಾಗಿದ್ದು 2023ರಲ್ಲಿ, ಅದು ಗ್ರಾಮ ಪಂಚಾಯ್ತಿಗಳಲ್ಲಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದವಳಿಗೆ ಎರಡೂ ಇಲ್ಲ, ಅಲ್ವಾ?

ಮಕ್ಕಳ ಡಾಕ್ಟರುಗಳು ಎಚ್ಚರಿಸಿದ್ದು ಹೊಸತೇನಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2 ವರ್ಷದೊಳಗಿನವರಿಗೆ ಟಿವಿ ಬೇಡ ಎಂದಿದ್ದು 1999ರಲ್ಲೇ. ಆಗ ಟಿವಿ ಗೋಡೆ ಪಕ್ಕದ ಪೆಟ್ಟಿಗೆ, ಅದನ್ನು ಹೊತ್ತುಕೊಂಡು ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ. 2010ರಲ್ಲಿ ಐಪ್ಯಾಡ್ ಬಂತು, 2015ರಲ್ಲಿ ಯೂಟ್ಯೂಬ್ ಕಿಡ್ಸ್. ನಮ್ಮೂರಲ್ಲಿ ಆಟ ಬದಲಾಗಿದ್ದು ಮಾತ್ರ 2016ರ ಸೆಪ್ಟೆಂಬರ್‌ನಲ್ಲಿ, ಜಿಯೋ ಬಂದು ಡೇಟಾ ಪುಕ್ಕಟೆ ಆದಾಗ. ಅದಕ್ಕೂ ಮುಂಚೆ ವಿಡಿಯೊ ಹಾಕುವ ಮೊದಲು ಬ್ಯಾಲೆನ್ಸ್ ನೋಡುತ್ತಿದ್ದೆವು. ಒಂದು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವ ಆಟ ಬೇರೆ, ಕೂಸಿಗೆ 'ಮುಗೀತು' ಅನ್ನುವ ಘಳಿಗೆಯೇ ಸಿಗುವುದಿಲ್ಲ. ಅದಕ್ಕೇ ಫೋನ್ ಕಸಿದಾಗ ಅಷ್ಟು ರಂಪ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2 ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಜಾಸ್ತಿ ಅಂದರೆ 1 ಗಂಟೆ ಎಂದಿತು. ಮರುವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್. ಅಂಗನವಾಡಿ ಬಂದ್, ಓಣಿ ಬಂದ್, ಅಣ್ಣನ ಶಾಲೆಯೇ ಫೋನಿನೊಳಗೆ. ತಂಗಿಗೆ ಮಾತ್ರ ನೋಡಬೇಡ ಅನ್ನುವುದು ಹೇಗೆ?

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ 2 ವರ್ಷದವರೆಗೆ ಸ್ಕ್ರೀನ್ ಬೇಡ ಅನ್ನುತ್ತದೆ. ಒಂದು ವಿನಾಯಿತಿ ಉಂಟು, ನೆಂಟರ ಜೊತೆ ಆಗೀಗ ವಿಡಿಯೊ ಕಾಲ್. ಎತ್ತಿಕೊಳ್ಳಬೇಕಿದ್ದ ಅಜ್ಜಿ ಗದಗದಲ್ಲಿ, ಮೊಮ್ಮಗು ಹುಬ್ಬಳ್ಳಿಯಲ್ಲಿ!

ಖಾನಾವಳಿಯಲ್ಲಿ ಫೋನಿನ ಚಾರ್ಜ್ ಮುಗಿಯಿತು. ಕೂಸು ಚೀರಿತು. ಬಡಿಸುವ ಹೆಂಗಸು ಬುಟ್ಟಿ ಇಟ್ಟು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು, ಹೊರಗೆ ನಿಂತಿದ್ದ ಆಕಳು ತೋರಿಸಿದಳು. ಐದು ನಿಮಿಷ ಇರಬಹುದು. ತಾಯಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.