ಮೇನ್ ಜೆಟ್ ಬಿಚ್ಚುವ ಮೊದಲು ನಿಮ್ಮ ಬಲಗೈ ನೋಡಿಕೊಳ್ಳಿ

ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ ಹಳೆ ಗಾಡಿಗಳನ್ನು ಮನೆಯಲ್ಲೇ ಬಿಚ್ಚಿ ಕಲಿಯುವ ಹುಡುಗರು ಈಗ ಜಾಸ್ತಿಯಾಗಿದ್ದಾರೆ. ನನಗೆ ಅದು ನಿಜವಾಗಿಯೂ ಖುಷಿ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳು ಹೆಚ್ಚುಕಡಿಮೆ ಎಲ್ಲವೂ ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಕಾರ್ಬೊರೇಟರ್ ಬಲ್ಲ ಕೈಗಳು ಗ್ಯಾರೇಜುಗಳಲ್ಲೇ ಕಡಿಮೆಯಾಗುತ್ತಿವೆ. ಅಪ್ಪನ ಆರ್‌ಎಕ್ಸ್ 100, ಮಾವನ ಯೆಜ್ಡಿ, ತಾತನ ಬುಲೆಟ್, ಇವನ್ನು ಯಾರಾದರೂ ಉಳಿಸಿಕೊಳ್ಳಬೇಕಲ್ವಾ.

ಆದರೆ ಒಂದು ವಿಷಯದಲ್ಲಿ ಮಾತ್ರ ಹೇಳಿ ಹೇಳಿ ಸಾಕಾಗಿದೆ. ಗಾಡಿಗೆ ಏನೇ ಆಗಲಿ, ಮೊದಲು ಮೇನ್ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ತೂತಿರುವ ಸಣ್ಣ ಹಿತ್ತಾಳೆ ತುಂಡು, ಬದಲಿಸುತ್ತಾರೆ. ಸಿಗ್ನಲ್‌ನಲ್ಲಿ ಆಫ್ ಆಗುತ್ತದೆಯೇ? ಮೇನ್ ಜೆಟ್. ಪಿಕಪ್‌ನಲ್ಲಿ ಒಂದು ಕ್ಷಣ ಸತ್ತಂತಾಗುತ್ತದೆಯೇ? ಮೇನ್ ಜೆಟ್. ಮೈಲೇಜ್ ಬರುತ್ತಿಲ್ಲವೇ? ಇನ್ನೂ ಚಿಕ್ಕ ಮೇನ್ ಜೆಟ್. ಬಿಚ್ಚಲು ಸುಲಭ, ಅಂಗಡಿಯಲ್ಲಿ ಸಿಗುತ್ತದೆ, ಮೇಲೆ ನಂಬರ್ ಇರುತ್ತದೆ. ಅದಕ್ಕೇ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಕೊಡುವ ಭಾಗಗಳು ಪಾಳಿಯ ಮೇಲೆ ಕೆಲಸ ಮಾಡುತ್ತವೆ. ಎಕ್ಸಲೇಟರ್ ಪೂರ್ತಿ ಮುಚ್ಚಿದ್ದಾಗಿನಿಂದ ಸುಮಾರು ಕಾಲು ಭಾಗ ತೆರೆಯುವವರೆಗೆ ಪೈಲಟ್ ಜೆಟ್‌ನದು ಮತ್ತು ಏರ್ ಸ್ಕ್ರೂನದು ಮುಖ್ಯ ಕೆಲಸ. ಅದೇ ಹೊತ್ತಿನಲ್ಲಿ ಸ್ಲೈಡ್‌ನ ಕೆಳ ಅಂಚಿನ ಓರೆ ಕಡಿತದ ಪ್ರಭಾವವೂ ಶುರುವಾಗುತ್ತದೆ. ಸ್ಲೈಡ್ ಅಂದರೆ ಎಕ್ಸಲೇಟರ್ ತಿರುಗಿಸಿದಾಗ ಮೇಲೇಳುವ ಬಿರಡೆ, ಅದಕ್ಕೆ ಸಿಕ್ಕಿಸಿರುವ ಸೂಜಿಯೇ ನೀಡಲ್. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್‌ನ ಕೆಲಸ. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಒಂದರ ಪಾಳಿ ಮುಗಿಯುವ ಮೊದಲೇ ಇನ್ನೊಂದು ಬಂದಿರುತ್ತದೆ, ಹಾಗಾಗಿ ಗಡಿಗಳು ಅಷ್ಟು ಗಟ್ಟಿಯಲ್ಲ. ಆದರೂ ಐಡ್ಲಿಂಗ್‌ನಲ್ಲಿ ಗಾಡಿ ನಿಲ್ಲುತ್ತಿದ್ದರೆ ಮೇನ್ ಜೆಟ್ ಯಾವ ನಂಬರಿನದು ಹಾಕಿದರೂ ಏನೂ ಆಗುವುದಿಲ್ಲ. ಆ ಹೊತ್ತಿಗೆ ಅದರ ಮೂಲಕ ಪೆಟ್ರೋಲ್ ಹೋಗುತ್ತಲೇ ಇಲ್ಲ ಎನ್ನಬಹುದು.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ನಾನು ಕೇಳುತ್ತೇನೆ, "ಯಾವಾಗ ಮಿಸ್ಸಿಂಗ್ ಬರುತ್ತೆ?" ಉತ್ತರ ಒಂದೇ: "ನಲವತ್ತರಲ್ಲಿ ಅಣ್ಣ." "ನಲವತ್ತರಲ್ಲಿ ಅಲ್ಲಪ್ಪ, ಎಕ್ಸಲೇಟರ್ ಎಷ್ಟು ತಿರುಗಿಸಿದಾಗ?" "ಅದೇ ಅಣ್ಣ, ನಲವತ್ತು ದಾಟಿದ ಮೇಲೆ."

ಇಲ್ಲೇ ಎಲ್ಲ ತಪ್ಪುವುದು. ಜೆಟ್‌ಗೆ ನಿಮ್ಮ ಸ್ಪೀಡೋಮೀಟರ್ ಗೊತ್ತಿಲ್ಲ. ಗೇರ್ ಗೊತ್ತಿಲ್ಲ. ಗೊತ್ತಿರುವುದು ಸ್ಲೈಡ್ ಎಷ್ಟು ಮೇಲೆದ್ದಿದೆ ಅನ್ನುವುದು ಮಾತ್ರ. ಅಂದರೆ ನಿಮ್ಮ ಬಲಗೈ ಎಷ್ಟು ತಿರುಗಿದೆ ಅನ್ನುವುದು. ಮೈಸೂರಿನ ರಿಂಗ್ ರಸ್ತೆಯಲ್ಲಿ ಒಬ್ಬರೇ ಆರಾಮವಾಗಿ 60ರಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಕೈ ತಿರುಗಿರುವುದು ಕಾಲು ಭಾಗ, ಹೆಚ್ಚೆಂದರೆ ಸ್ವಲ್ಪ ಮೇಲೆ. ಅಲ್ಲಿ ಮೇನ್ ಜೆಟ್‌ನ ಮಾತೇ ಇಲ್ಲ. ಅದೇ ಗಾಡಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿ. ಮೀಟರ್ 30 ತೋರಿಸುತ್ತಿರುತ್ತದೆ, ಕೈ ಮಾತ್ರ ಪೂರ್ತಿ ತಿರುಗಿರುತ್ತದೆ. ಆಗ ಪೂರಾ ಮೇನ್ ಜೆಟ್‌ನದೇ ಆಟ. 60ರಲ್ಲಿ ಪೈಲಟ್ ಮತ್ತು ನೀಡಲ್, 30ರಲ್ಲಿ ಮೇನ್. ಇದನ್ನು ಎರಡು ಸಲ ಓದಿ, ದಯವಿಟ್ಟು.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ತುಂಡು ಟೇಪ್ ತನ್ನಿ. ಎಕ್ಸಲೇಟರ್ ಗ್ರಿಪ್ ಮೇಲೆ ಒಂದು ಗೆರೆ. ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಟೇಪ್ ಅಂಟಿಸಿ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಗುರುತು. ಮೊದಲು ಕೇಬಲ್‌ನ ಸಡಿಲ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಗುರುತು ಸುಳ್ಳು ಹೇಳುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ ಓಡಿಸಿ, ತೊಂದರೆ ಯಾವ ಗುರುತಿನಲ್ಲಿ ಬರುತ್ತದೆ ನೋಡಿ. ಬೇರೆ ಗೇರ್‌ನಲ್ಲೂ ಅದೇ ಗುರುತಿನಲ್ಲಿ ಬಂದರೆ ಯಾವ ಭಾಗ ಅಂತ ನಿಮಗೇ ಗೊತ್ತಾಗುತ್ತದೆ. ಆ ಗುರುತಿನಲ್ಲೇ, ಮಿಶ್ರಣಕ್ಕೆ ಪೆಟ್ರೋಲ್ ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದಾಗ ಗಾಡಿ ಸುಧಾರಿಸಿದರೆ ಪೆಟ್ರೋಲ್ ಕಡಿಮೆ, ಅಂದರೆ ಲೀನ್. ಇನ್ನೂ ಕೆಟ್ಟರೆ ಬಹುಶಃ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಒಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಕೇಬಲ್ ನೇರವಾಗಿ ಸ್ಲೈಡ್ ಎತ್ತುವ ಕಾರ್ಬೊರೇಟರ್‌ಗಳ ಬಗ್ಗೆ. ಆಮೇಲಿನ ಎಷ್ಟೋ ಬೈಕುಗಳಲ್ಲಿ ರಬ್ಬರ್ ಡಯಾಫ್ರಮ್ ಇರುವ ಸಿವಿ ಕಾರ್ಬೊರೇಟರ್ ಇದೆ. ಅದರಲ್ಲಿ ಸ್ಲೈಡ್ ಎತ್ತುವುದು ಎಂಜಿನ್ನಿನ ಎಳೆತ. ಅಲ್ಲಿ ಈ ಗುರುತುಗಳು ಅಂದಾಜು ಮಾತ್ರ. ಡಯಾಫ್ರಮ್ ಹರಿದಿದೆಯೇ ಅಂತ ಮೊದಲು ನೋಡಬೇಕು.

ಮೈಲೇಜ್ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಭಯ ಇರುವುದು ಅಲ್ಲೇ. ದಿನಾ ಆಫೀಸಿಗೆ ಹೋಗಿ ಬರುವವರು ಮುಕ್ಕಾಲು ಎಕ್ಸಲೇಟರ್ ದಾಟುವುದೇ ಅಪರೂಪ. ಚಿಕ್ಕ ಮೇನ್ ಜೆಟ್ ಹಾಕಿದರೆ ಅವರಿಗೆ ಉಳಿಯುವುದು ಹೆಚ್ಚೇನಿಲ್ಲ. ಆದರೆ ಒಂದು ದಿನ ಹೆಂಡತಿ ಮಗು ಜೊತೆ ಘಾಟಿ ಹತ್ತುತ್ತಾರೆ. ಕೈ ಪೂರ್ತಿ ತಿರುಗಿದೆ, ಎಂಜಿನ್ ಮೇಲೆ ಪೂರಾ ಭಾರ, ಪೆಟ್ರೋಲ್ ಮಾತ್ರ ಸಾಲದು. ಪಿಸ್ಟನ್ ವಿಪರೀತ ಬಿಸಿಯಾಗುತ್ತದೆ. ಟು-ಸ್ಟ್ರೋಕ್ ಆಗಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಸೀಜ್ ಆಗಿ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು. ಅದರಲ್ಲೂ ಯೆಜ್ಡಿಯಂಥ ಗಾಡಿಗಳಲ್ಲಿ ಆಯಿಲ್ ಪೆಟ್ರೋಲ್‌ನಲ್ಲೇ ಬೆರೆತು ಬರುತ್ತದೆ. ಪೆಟ್ರೋಲ್ ಕಡಿಮೆ ಮಾಡಿದರೆ ಆಯಿಲ್ಲೂ ಕಡಿಮೆ.

ಈಗ ಬಂಕ್‌ಗಳಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಪಾಲು ಸಾಕು. ಮಿಶ್ರಣಕ್ಕೆ ಬೇಕಾಗುವುದು ಹೆಚ್ಚುಕಡಿಮೆ 13.5. ಹಳೆ ಜೆಟ್ ಕೊಡುವುದು ಹಳೆ ಲೆಕ್ಕದಲ್ಲೇ, ಹಾಗಾಗಿ ಗಾಡಿ ಏನೂ ಮುಟ್ಟದೆಯೇ ಒಂದಿಷ್ಟು ಲೀನ್ ಕಡೆಗೆ ವಾಲಿರುತ್ತದೆ. ಅದರ ಮೇಲೆ ಚಿಕ್ಕ ಜೆಟ್ ಬೇಡ.

ಹೋದ ಮಳೆಗಾಲದಲ್ಲಿ ಒಬ್ಬ ಕಾಲೇಜು ಹುಡುಗ ಅಪ್ಪನ ಆರ್‌ಎಕ್ಸ್ ತಳ್ಳಿಕೊಂಡು ಬಂದ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯ ತುಂಬ ಜೆಟ್‌ಗಳು, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದಂತೆ. ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ, ಯಾವ ಜೆಟ್‌ಗೂ ಬಗ್ಗುತ್ತಿಲ್ಲ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆಯನ್ನು ಬೆರಳಲ್ಲಿ ಬಗ್ಗಿಸಿದೆ. ಕೆಳಭಾಗದಲ್ಲಿ ಉಗುರು ಹೋಗುವಷ್ಟು ಬಿರುಕು. ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ಅವನ ಮುಖ ಸಣ್ಣದಾಯಿತು. ಒಳ್ಳೆ ಹುಡುಗ, ಈಗಲೂ ಬರುತ್ತಾನೆ, ಈಗ ಮೊದಲು ರಬ್ಬರ್ ನೋಡುತ್ತಾನೆ.

ಆದ್ದರಿಂದ ಜೆಟ್ ಕೊನೆಗೆ. ಮೊದಲು ಏರ್ ಫಿಲ್ಟರ್, ಪ್ಲಗ್, ಫೋರ್-ಸ್ಟ್ರೋಕ್ ಆದರೆ ವಾಲ್ವ್ ಗ್ಯಾಪ್, ಕಿಡಿ ಹೊತ್ತಿಸುವ ಪಾಯಿಂಟ್ ಇರುವ ಗಾಡಿಯಾದರೆ ಪಾಯಿಂಟ್. ಇವು ಸರಿಯಿಲ್ಲದೆ ಜೆಟ್ ಮುಟ್ಟಿದರೆ ತಪ್ಪಿನ ಮೇಲೆ ತಪ್ಪು ಟ್ಯೂನ್ ಮಾಡಿದಂತೆ. ಪೈಲಟ್ ಜೆಟ್ ಕಟ್ಟಿಕೊಂಡಿದ್ದರೆ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಪಿನ್ನು, ಸೂಜಿ, ಕೇಬಲ್ಲಿನ ಎಳೆ ತುರುಕಬೇಡಿ. ಜೆಟ್ ಹಿತ್ತಾಳೆಯದು, ಮೆತ್ತಗಿರುತ್ತದೆ. 1.00 ಮಿ.ಮೀ. ತೂತು 1.10 ಆದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಪೆಟ್ರೋಲ್ ಹಾಯುವ ಜಾಗ 21 ಶೇಕಡ ಹೆಚ್ಚಿರುತ್ತದೆ. ಮೇಲಿನ ನಂಬರ್ ಮಾತ್ರ ಹಳೆಯದೇ.

ಗುರುತು ನೋಡಿ ನಿಜಕ್ಕೂ ಜೆಟ್ಟೇ ಅಂತ ಖಾತ್ರಿಯಾದರೆ ಧೈರ್ಯವಾಗಿ ಮಾಡಿ. ಎಂಜಿನ್ ಪೂರ್ತಿ ತಣ್ಣಗಿರಲಿ, ಪೆಟ್ರೋಲ್ ಕಾಕ್ ಬಂದ್ ಆಗಿರಲಿ, ಕೆಲಸ ಬಯಲಲ್ಲಿ ನಡೆಯಲಿ. ಅಡುಗೆಮನೆ ಪಕ್ಕದ ಯುಟಿಲಿಟಿ ಬೇಡ, ಅಲ್ಲಿ ಗೀಸರ್ ಇರುತ್ತದೆ. ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಡ್ರೈವರನ್ನೇ ಬಳಸಿ, ತಲೆ ಸವೆದರೆ ಆಮೇಲೆ ಗೋಳು. ಒಂದು ಸಲಕ್ಕೆ ಒಂದೇ ಬದಲಾವಣೆ. ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗೆ ಹಾಕಿದರೆ ನೀಡಲ್ ಮೇಲೇರಿ ರಿಚ್, ಮೇಲೆ ಹಾಕಿದರೆ ಲೀನ್. ಏರ್ ಸ್ಕ್ರೂ ಫಿಲ್ಟರ್ ಕಡೆ ಇದ್ದರೆ ಹೊರಗೆ ಬಿಚ್ಚಿದಷ್ಟೂ ಲೀನ್. ಎಂಜಿನ್ ಕಡೆ ಇದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲ್ ಸ್ಕ್ರೂ, ಹೊರಗೆ ಬಿಚ್ಚಿದಷ್ಟೂ ರಿಚ್. ಮುಚ್ಚುವಾಗ ಮೆತ್ತಗೆ, ಬಿಗಿದರೆ ತುದಿ ಹಾಳು. ಮೇನ್ ಜೆಟ್ ಪ್ರಯೋಗ ಮಾಡುವುದಾದರೆ ದೊಡ್ಡದರಿಂದ ಶುರು ಮಾಡಿ ಒಂದೊಂದೇ ನಂಬರ್ ಇಳಿಸಿ. ರಿಚ್ ಆದರೆ ಹೊಗೆ ಮತ್ತು ಪೆಟ್ರೋಲ್ ಖರ್ಚು, ಲೀನ್ ಆದರೆ ಪಿಸ್ಟನ್ ಖರ್ಚು. ಮಿಕುನಿ ಕಂಪನಿಯ ಜೆಟ್ ನಂಬರನ್ನು ಕೇಹಿನ್ ಕಂಪನಿಯ ನಂಬರಿಗೆ ಹೋಲಿಸಬೇಡಿ, ಎರಡರ ಲೆಕ್ಕ ಬೇರೆ.

ನನ್ನ ಹತ್ತಿರ ಯೆಜ್ಡಿ ತರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸೀಟಿನ ಕೆಳಗೆ ಸಣ್ಣ ನೋಟ್‌ಬುಕ್ ಇಟ್ಟಿರುತ್ತಾರೆ. ತಾರೀಖು, ಜೆಟ್ ನಂಬರ್, ಕ್ಲಿಪ್ ಎಷ್ಟನೇ ಕಚ್ಚಿನಲ್ಲಿ, ಸ್ಕ್ರೂ ಎಷ್ಟು ಸುತ್ತು, ಎಲ್ಲ ದುಂಡಗಿನ ಅಕ್ಷರದಲ್ಲಿ. ಅವರ ಗಾಡಿ ನೋಡುವುದೆಂದರೆ ನನಗೆ ಹಬ್ಬ. ನೀವೂ ಬರೆದಿಡಿ. ಲಡಾಖಿಗೆ ಹೋಗುವವರು ಖಂಡಿತ ಬರೆದಿಡಿ. ಖರ್ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಗಾಡಿ ರಿಚ್ ಆಗಿ ಉಸಿರು ಕಟ್ಟುತ್ತದೆ, ಹಾಗಾಗಿ ಚಿಕ್ಕ ಜೆಟ್ ಹಾಕುತ್ತಾರೆ. ತಪ್ಪಲ್ಲ. ಆದರೆ ಬಯಲಿಗೆ ಇಳಿದ ಮೇಲೆ ಹಳೆಯದನ್ನು ಮತ್ತೆ ಹಾಕಲು ಮರೆತು, ಅದೇ ಜೆಟ್‌ನಲ್ಲಿ ಹೈವೇ ಹಿಡಿದು ಊರಿಗೆ ಬರುತ್ತಾರೆ. ಪಿಸ್ಟನ್ ಹೋಗುವುದು ಲಡಾಖಿನಲ್ಲಲ್ಲ, ಇಳಿದ ಮೇಲಿನ ಹೈವೇಯಲ್ಲಿ.

ಜೆಟ್ ಬದಲಿಸಿದ ಮೇಲೆ ಬಟ್ಟಲಿನಿಂದ ಪೆಟ್ರೋಲ್ ಸೋರುತ್ತಿಲ್ಲ ಅಂತ ನೋಡಿಯೇ ಸ್ಟಾರ್ಟ್ ಮಾಡಿ. ಮೊದಲ ದಿನ ಮನೆ ಸುತ್ತಮುತ್ತಲೇ ಓಡಿಸಿ. ಪೂರ್ತಿ ಎಕ್ಸಲೇಟರ್‌ನಲ್ಲಿ ಎಂಜಿನ್ ಕಟಕಟ ಅಂದರೆ, ಅಥವಾ ಶಕ್ತಿ ಇದ್ದಕ್ಕಿದ್ದಂತೆ ಕುಗ್ಗಿದರೆ, ತಕ್ಷಣ ಕ್ಲಚ್ ಹಿಡಿಯಿರಿ, ಎಕ್ಸಲೇಟರ್ ಬಿಡಿ, ಪಕ್ಕಕ್ಕೆ ನಿಲ್ಲಿಸಿ. ಸುಮ್ನೆ ಇನ್ನೊಂದು ಸಲ ನೋಡೋಣ ಅಂತ ಓಡಿಸಬೇಡಿ. ತಣ್ಣಗಾಗಲು ಬಿಟ್ಟು, ಟೆಂಪೋದಲ್ಲಿ ಹಾಕಿಕೊಂಡು ಬನ್ನಿ.